ಹೆಸರು ಬರೆಯದ ಕ್ಯಾಸೆಟ್

ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಗಾಯನ ಮೊದಲ ಸಲ ಕೇಳಿದಾಗ ನನಗೆ ಹಿಡಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಇವತ್ತು ಯಾರಾದರೂ ‘ನಿಮಗೆ ತುಂಬ ಇಷ್ಟವಾದ ಗಾಯಕರು ಯಾರು’ ಅಂತ ಕೇಳಿದರೆ ಬಾಯಿಗೆ ಮೊದಲು ಬರುವ ಹೆಸರು ಅವರದೇ. ನಡುವೆ 11 ವರ್ಷ ಕಳೆದವು. ಆ ವರ್ಷಗಳಲ್ಲಿ ನಾನು ಹಾಡುವುದನ್ನು ಕಲಿಯಲಿಲ್ಲ, ವಾದ್ಯ ಮುಟ್ಟಲಿಲ್ಲ. ಕೇಳುವುದನ್ನಷ್ಟೇ ಕಲಿತೆ. ಹೇಗೆ ಕಲಿತೆ, ಯಾರ್‍ಯಾರ ಹಾಡಿಕೆ ಕಲಿಸಿತು ಅನ್ನುವುದನ್ನು ಬರೆದಿಡಬೇಕೆನಿಸಿದೆ.

ನನ್ನ ಸೋದರಮಾವನ ಹತ್ತಿರ ಒಂದು ರಟ್ಟಿನ ಡಬ್ಬಿಯ ತುಂಬ ಕ್ಯಾಸೆಟ್‌ಗಳಿದ್ದವು. ಹೆಚ್ಚಿನವು ರಾತ್ರಿ ಹೊತ್ತು ರೇಡಿಯೋದಿಂದ ಅವರೇ ತುಂಬಿಸಿಕೊಂಡಂಥವು. 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45. ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಗಾಯಕರ ಹೆಸರು, ಪಕ್ಕದಲ್ಲಿ ರಾಗ. ಭೀಮಸೇನ ಜೋಶಿ, ಪೂರಿಯಾ. ಅಮೀರ್ ಖಾನ್, ಮಾರ್ವಾ. ಕಿಶೋರಿ ಅಮೋಣಕರ್, ಭೂಪ್. ಒಂದರ ಮೇಲೆ ಮಾತ್ರ ‘ಮನ್ಸೂರ’ ಅಂತಷ್ಟೇ ಇತ್ತು. ಪ್ರಸಾರ ಶುರುವಾದ ಮೇಲೆ ಗುಂಡಿ ಒತ್ತಿದ್ದರಂತೆ, ಹಾಗಾಗಿ ರಾಗದ ಹೆಸರು ತಪ್ಪಿಹೋಗಿತ್ತು. ಹಾಡು ಆವರ್ತನೆಯ, ಅಂದರೆ ತಾಳದ ಒಂದು ಸುತ್ತಿನ, ನಡುವೆ ಎಲ್ಲೋ ಶುರುವಾಗುತ್ತಿತ್ತು, ಒಂದು ತಾನಿನ, ಅಂದರೆ ಸ್ವರಗಳ ವೇಗದ ಓಟದ, ಮಧ್ಯದಲ್ಲೇ ಟೇಪು ಮುಗಿಯುತ್ತಿತ್ತು.

ಮೊದಲು ಒಲಿದವರು ಭೀಮಸೇನರು. ಅವರಿಗೆ ಒಲಿಯದವರು ಕಡಿಮೆ. ಖರ್ಜದಲ್ಲಿ, ಅಂದರೆ ತಗ್ಗಿನ ದನಿಯಲ್ಲಿ, ಮೂಲಸ್ವರವಾದ ಷಡ್ಜ ಹಚ್ಚಿ ನಿಂತರೆಂದರೆ ಕೋಣೆಯ ಗಾಳಿಯೇ ಬೇರೆಯಾಗುತ್ತದೆ. ಅಲ್ಲಿಂದ ಒಂದೊಂದೇ ಸ್ವರವನ್ನು ಹತ್ತುತ್ತಾ ಹೋಗುತ್ತಾರೆ, ಒಂದನ್ನು ಪೂರ್ತಿ ಬೆಳಗಿಸದೆ ಮುಂದಿನದಕ್ಕೆ ಕಾಲಿಡುವುದಿಲ್ಲ. ಏನೂ ಗೊತ್ತಿಲ್ಲದ ನನ್ನಂಥವನನ್ನೂ ಕೈಹಿಡಿದು ನಡೆಸುವ ಹಾಡಿಕೆ ಅದು. ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ ಕೇಳಿ, 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಹುಡುಗ ಅವರು. ಸುಮಾರು 3 ನಿಮಿಷದ ಒಂದು ತಟ್ಟೆಗೆ ಒಂದು ಬಾಳಿನ ದಿಕ್ಕನ್ನು ಬದಲಿಸುವ ಶಕ್ತಿ ಇದೆ ಅನ್ನುವುದನ್ನು ನಾನು ನಂಬುವುದು ಈ ಕಾರಣಕ್ಕೆ.

ಮನ್ಸೂರರಲ್ಲಿ ನನಗೆ ಅಂಥ ಬಾಗಿಲು ಕಾಣಲಿಲ್ಲ. ದನಿ ಏರು, ಕೊಂಚ ಒಣಗಿದಂತೆ. ಬಂದಿಶ್, ಅಂದರೆ ಹಾಡಿನ ರಚನೆ, ಎತ್ತಿಕೊಂಡವರು ನಿಲ್ಲುವುದೇ ಇಲ್ಲ. ಒಂದು ಆವರ್ತನೆ ಮುಗಿಯುವಷ್ಟರಲ್ಲಿ ಇನ್ನೊಂದರೊಳಗೆ ಇರುತ್ತಾರೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೆ ಅನ್ನುವುದೇ ತಿಳಿಯುವುದಿಲ್ಲ. ಭೀಮಸೇನರನ್ನು ಕೇಳಿ ಪಳಗಿದ ಕಿವಿಗೆ ಇದು ಬರೀ ಅವಸರವಾಗಿ ಕೇಳಿಸಿತು. ಮಾವನಿಗೆ ಹಾಗೇ ಹೇಳಿದೆ. ಅವರು ವಾದ ಮಾಡಲಿಲ್ಲ. “ದನಿ ಆಮೇಲೆ ನೋಡುವಿಯಂತೆ. ಈಗ ತಬಲಾ ಎಣಿಸು” ಅಂದರು.

ಎಣಿಸಲು ಕೂತೆ. ವಿಲಂಬಿತ, ಅಂದರೆ ನಿಧಾನಗತಿಯ, ತೀನ್‌ತಾಲ, ಒಂದು ಸುತ್ತಿಗೆ 16 ಮಾತ್ರೆ, ಅಂದರೆ 16 ಎಣಿಕೆ. ಗಾಯಕರನ್ನು ಪೂರ್ತಿ ಬದಿಗಿಟ್ಟು ತಬಲಾ ಒಂದನ್ನೇ ಕೇಳುವುದು ಮೊದಲ ಪಾಠ. ಇದು ಹೇಳಿದಷ್ಟು ಸುಲಭವಲ್ಲ, ದನಿ ನಮ್ಮನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ನನಗೆ ದಾರಿ ತೋರಿದ್ದು ಖಾಲಿ. ಆವರ್ತನೆಯ ಅರ್ಧಕ್ಕೆ, 9ನೆಯ ಮಾತ್ರೆಯ ಹೊತ್ತಿಗೆ, ಎಡಗೈ ಡಗ್ಗಾದ ಗುಂಗು ಕೆಲವು ಮಾತ್ರೆಗಳ ಕಾಲ ಅಡಗಿ, ಬಲಗೈಯ ತೆಳು ನಾದ ಮಾತ್ರ ಉಳಿಯುತ್ತದೆ. ಆ ಬರಿದಾದ ಜಾಗ ಒಮ್ಮೆ ಕಿವಿಗೆ ಸಿಕ್ಕಿತೆಂದರೆ ಸಮ್, ಅಂದರೆ ಆವರ್ತನೆಯ ಮೊದಲ ಮಾತ್ರೆ, ಎಲ್ಲಿದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಾ ಮೂರು ವಾರ ಕಳೆದೆ. ಮೊದಲ ವಾರ ಪ್ರತಿ ಸಲವೂ ತಪ್ಪಿದೆ. ಮೂರನೆಯ ವಾರ ಒಂದು ಸಂಜೆ ಎಣಿಕೆ ಬಿಟ್ಟುಹೋದರೂ ತಲೆ ಮಾತ್ರ ಸಮ್ ಬಂದಾಗ ಸರಿಯಾಗಿ ಆಡಿತು.

ಆಮೇಲೆ ದನಿಯನ್ನು ವಾಪಸು ಕರೆತಂದೆ. ಆಗ ಕೇಳಿಸಿತು: ಅವಸರ ಅನ್ನಿಸಿದ್ದು ಅವಸರವಲ್ಲ. 13ನೆಯ ಮಾತ್ರೆ ದಾಟಿದರೂ ಮನ್ಸೂರರು ಇನ್ನೂ ಎಲ್ಲೋ ದೂರದ ಸ್ವರದಲ್ಲಿರುತ್ತಾರೆ. ಇನ್ನು ತಲುಪಲಾರರು ಅಂತ ನಮ್ಮ ಎದೆ ಬಿಗಿಯುತ್ತದೆ. ಕೊನೆಯ ಗಳಿಗೆಯಲ್ಲಿ ಬಂದಿಶಿನ ಮುಖಡಾ, ಅಂದರೆ ಅದರ ಮೊದಲ ತುಣುಕು, ಎಲ್ಲಿಂದಲೋ ಹೊರಳಿ, ಕೂದಲೆಳೆಯಷ್ಟೂ ಆಚೀಚೆಯಾಗದೆ ಸಮ್ ಮೇಲೆ ಬಂದು ಕೂರುತ್ತದೆ. ಪ್ರತಿ ಆವರ್ತನೆಯಲ್ಲೂ ದಾರಿ ಬೇರೆ, ತಲುಪುವ ಜಾಗ ಒಂದೇ. ಇಷ್ಟು ಲೆಕ್ಕ ಇದ್ದೂ ಲೆಕ್ಕ ಕಾಣಿಸದ ಹಾಗೆ ಹಾಡುವುದನ್ನು ಕಂಡಾಗ ಅವರ ಬಗ್ಗೆ ನನ್ನಲ್ಲಿ ಗೌರವ ಹುಟ್ಟಿತು. ಪ್ರೀತಿ ಇನ್ನೂ ಹುಟ್ಟಿರಲಿಲ್ಲ.

ಎರಡನೆಯ ಪಾಠ ತಂಬೂರಿ. ಇದನ್ನು ಕಲಿಸಿದ್ದು ಒಂದು ಕೆಟ್ಟ ಟೇಪ್‌ರೆಕಾರ್ಡರ್. ಮಾವನ ಯಂತ್ರದಲ್ಲಿ ಕೇಳಿದ ಕ್ಯಾಸೆಟನ್ನು ನನ್ನದರಲ್ಲಿ ಹಾಕಿದರೆ ದನಿ ಅರ್ಧ ಸ್ವರದಷ್ಟು ಮೇಲೇರುತ್ತಿತ್ತು, ಮೋಟರಿನ ವೇಗ ಹೆಚ್ಚಿತ್ತು. ಆದರೆ ರಾಗ ಅದೇ, ಭಾವ ಅದೇ. ಷಡ್ಜ ಯಾವ ಎತ್ತರದಲ್ಲಿ ನಿಂತರೂ ಷಡ್ಜವೇ, ಉಳಿದ ಸ್ವರಗಳೆಲ್ಲ ಅದರಿಂದ ಎಷ್ಟು ದೂರದಲ್ಲಿವೆ ಅನ್ನುವುದರ ಮೇಲೆ ನಿಂತಿವೆ ಅನ್ನುವುದನ್ನು ನಾನು ಕಿವಿಯಿಂದ ತಿಳಿದದ್ದು ಹಾಗೆ. ಅಂದಿನಿಂದ ಯಾವುದೇ ಮುದ್ರಣ ಹಚ್ಚಿದರೂ ಮೊದಲು ತಂಬೂರಿ ಹುಡುಕುತ್ತೇನೆ. ನಾಲ್ಕು ತಂತಿ: ಮೊದಲನೆಯದು ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯದು ಖರ್ಜದ ಷಡ್ಜ. ಕುದುರೆಯ, ಅಂದರೆ ತಂತಿಗಳನ್ನು ಹೊರುವ ಸೇತುವೆಯ, ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಸಣ್ಣ ನೂಲು ಸರಿಯಾದ ಜಾಗಕ್ಕೆ ಬಂದಾಗ ಜವಾರಿ, ಅಂದರೆ ತಂತಿಯ ಝೇಂಕಾರ, ಏಳುತ್ತದೆ. ಆಗ ಯಾರೂ ಮೀಟದ ಗಾಂಧಾರವೊಂದು ಖರ್ಜದ ತಂತಿಯಿಂದ ತೇಲಿ ಬರುತ್ತದೆ. ತಂತಿಯ ಮೂಲ ಕಂಪನದ ಐದು ಪಟ್ಟು ವೇಗದ ಉಪಸ್ವರ ಅದು, ಎರಡು ಸಪ್ತಕ ಮೇಲೆ. ಅದು ಕೇಳಿಸಿದ ದಿನವನ್ನು ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಇಯರ್‌ಫೋನಿಗಿಂತ, ಸ್ಪೀಕರ್ ಹಚ್ಚಿ ದನಿ ತಗ್ಗಿಸಿ ಕೋಣೆಯಲ್ಲಿ ಕೂತು ಕೇಳಿದಾಗ ತಂಬೂರಿಯೂ ಕಂಠವೂ ಬೆರೆಯುವ ಜಾಗ ನನಗೆ ಚೆನ್ನಾಗಿ ತಿಳಿಯುತ್ತದೆ.

ತಂಬೂರಿ ಗೊತ್ತಾದ ಮೇಲೆ ಅಮೀರ್ ಖಾನರ ಮಾರ್ವಾ ತೆರೆದುಕೊಂಡಿತು. ಮಾರ್ವಾದಲ್ಲಿ ಪಂಚಮವಿಲ್ಲ. ಹಾಗಾಗಿ ಮೊದಲ ತಂತಿಯನ್ನು ನಿಷಾದಕ್ಕೆ ಏರಿಸಿ ಶ್ರುತಿ ಮಾಡುವುದುಂಟು. ಕೋಮಲ, ಅಂದರೆ ತುಸು ತಗ್ಗಿಸಿದ ರಿಷಭ; ತೀವ್ರ, ಅಂದರೆ ತುಸು ಏರಿಸಿದ ಮಧ್ಯಮ. ಹಾಡಿಕೆಯೆಲ್ಲ ರಿಷಭ ಮತ್ತು ಧೈವತಗಳ ಸುತ್ತ ಸುಳಿಯುತ್ತದೆ, ಷಡ್ಜವನ್ನು ಆದಷ್ಟೂ ತಪ್ಪಿಸಿಕೊಂಡು ಹೋಗುತ್ತದೆ. ಸಂಜೆ ಮುಳುಗುವ ಹೊತ್ತಿನ ರಾಗ. ಮನೆ ಕಣ್ಣೆದುರಿಗೇ ಇದ್ದು ಒಳಗೆ ಹೋಗಲಾಗದೆ ಹೊರಗೇ ತಿರುಗುವವನ ಸಂಕಟ ಅದರಲ್ಲಿದೆ. ಅಮೀರ್ ಖಾನರ ಅತಿವಿಲಂಬಿತದಲ್ಲಿ, 14 ಮಾತ್ರೆಯ ಝೂಮ್ರಾ ತಾಳದಲ್ಲಿ, ಒಂದು ಆವರ್ತನೆಗೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕಾಯಿಸಿ, ಕೊನೆಗೊಮ್ಮೆ ಅವರು ಷಡ್ಜಕ್ಕೆ ಬಂದು ನಿಂತಾಗ ನನ್ನ ಕಣ್ಣು ತುಂಬಿತ್ತು. ಷಡ್ಜ ಅಂದರೆ ಎಲ್ಲ ಹಾಡುಗಳಲ್ಲೂ ಇರುವ, ಸದಾ ಕೇಳುವ ಸ್ವರ. ಅದಕ್ಕಾಗಿ ಇಷ್ಟು ಹಂಬಲಿಸುವಂತೆ ಮಾಡಬಹುದು ಅನ್ನುವುದು ಗೊತ್ತಿರಲಿಲ್ಲ.

ಇಲ್ಲಿಂದ ನನಗೊಂದು ಅಭ್ಯಾಸ ಹತ್ತಿತು. ಒಂದೇ ಸ್ವರಗಳನ್ನು ಹಂಚಿಕೊಂಡ ರಾಗಗಳನ್ನು ಜೊತೆಗಿಟ್ಟು ಕೇಳುವುದು. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಅವೇ. ಪೂರಿಯಾ ಕೆಳಗಿನ ಮಂದ್ರದ ಕಡೆಗೆ ಬಾಗಿ ಗಾಂಧಾರ, ನಿಷಾದಗಳಲ್ಲಿ ತಂಗುತ್ತದೆ. ಸೋಹನಿ ಮೇಲಿನ ತಾರಸಪ್ತಕದಲ್ಲೇ ಮಿನುಗುತ್ತಿರುತ್ತದೆ. ಭೂಪ್ ಮತ್ತು ದೇಶಕಾರಗಳೂ ಹೀಗೇ: ಎರಡಕ್ಕೂ ಅವೇ ಐದು ಸ್ವರ, ಮಧ್ಯಮ ನಿಷಾದಗಳಿಲ್ಲ. ಆದರೆ ಭೂಪ್ ಗಾಂಧಾರದಲ್ಲಿ ಬಾಳುತ್ತದೆ, ದೇಶಕಾರ ಧೈವತದಲ್ಲಿ. ಇದನ್ನು ನಾನು ಪುಸ್ತಕದಲ್ಲಿ ಓದಿ ಎಷ್ಟೋ ದಿನವಾಗಿತ್ತು, ಓದಿದ್ದು ಕೇಳಿಸುತ್ತಿರಲಿಲ್ಲ. ಕಿಶೋರಿ ಅಮೋಣಕರ್ ಭೂಪ್‌ನ ಗಾಂಧಾರವನ್ನು ಎಷ್ಟು ಮೆತ್ತಗೆ, ಎಷ್ಟು ಕಡೆಯಿಂದ ಮುಟ್ಟುತ್ತಾರೆಂದರೆ, ಅದೇ ಸಂಜೆ ದೇಶಕಾರ ಹಚ್ಚಿದಾಗ ಗಾಂಧಾರ ಬರಿದೇ ದಾರಿಯಲ್ಲಿ ಸಿಕ್ಕು ಹೋಗುವ ಸ್ವರವಾಗಿಬಿಟ್ಟಿತ್ತು. ರಾಗ ಅಂದರೆ ಸ್ವರಗಳ ಪಟ್ಟಿಯಲ್ಲ ಅನ್ನುವುದು ಆವತ್ತು ಖಾತ್ರಿಯಾಯಿತು.

ಈ ಧೈರ್ಯದಲ್ಲಿ ಮನ್ಸೂರರ ಹೆಸರಿಲ್ಲದ ಕ್ಯಾಸೆಟ್ಟಿನ ರಾಗ ಕಂಡುಹಿಡಿಯಲು ಹೊರಟೆ. ಕೇಳಿದರೆ ಮಾಲಕಂಸದ ಹಾಗೆಯೇ ಇತ್ತು. ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ, ಮಧ್ಯಮದ ಮೇಲೆ ಗಂಭೀರವಾದ ನಿಲುಗಡೆ. ಆದರೆ ಮಾಲಕಂಸದಲ್ಲಿ ರಿಷಭವಿಲ್ಲ, ಪಂಚಮವಿಲ್ಲ. ಇಲ್ಲಿ ಎರಡೂ ಬರುತ್ತಿದ್ದವು. ಮೊದಲು ನನ್ನ ಕಿವಿಯ ಮೇಲೆ ಅನುಮಾನಪಟ್ಟೆ, ಆಮೇಲೆ ಟೇಪಿನ ಮೇಲೆ. ಒಂದು ದಿನವಂತೂ ಗಾಯಕರ ಮೇಲೆಯೇ ಅನುಮಾನಪಟ್ಟೆ. ಹಾಗೆ ಯೋಚಿಸಿದ್ದಕ್ಕೆ ಈಗಲೂ ನೋವಿದೆ. ಪಂಚಮ ಬಂದಾಗಲೆಲ್ಲ ಮನಸ್ಸು ಮುಳ್ಳು ಚುಚ್ಚಿದ ಹಾಗೆ ಹಿಂದೆ ಸರಿಯುತ್ತಿತ್ತು. ಬಹುಕಾಲದ ಮೇಲೆ ಬೇರೊಂದು ಮುದ್ರಣದಲ್ಲಿ ಅದೇ ನಡೆ ಸಿಕ್ಕಿತು, ಅದಕ್ಕೆ ಹೆಸರೂ ಇತ್ತು: ಸಂಪೂರ್ಣ ಮಾಲಕಂಸ. ಜೈಪುರ-ಅತ್ರೌಲಿ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು, ಪ್ರೀತಿಯಿಂದ ಕಾಪಾಡಿಕೊಂಡು ಬಂದ ರಾಗ. ಮಾಲಕಂಸಕ್ಕೆ ರಿಷಭ ಪಂಚಮಗಳನ್ನು ಸೇರಿಸಿ ಏಳೂ ಸ್ವರ ತುಂಬಿದ ರೂಪ.

ಹೆಸರು ಸಿಕ್ಕ ಸಂಜೆ ಮತ್ತೆ ಆ ಕ್ಯಾಸೆಟ್ ಹಚ್ಚಿದೆ. ಪಂಚಮ ಬಂತು. ಈ ಸಲ ಮನಸ್ಸು ಹಿಂದೆ ಸರಿಯಲಿಲ್ಲ. ಮಾಲಕಂಸದ ಕತ್ತಲ ಕೋಣೆಯಲ್ಲಿ ಯಾರೋ ಒಂದು ಕಿಟಕಿ ತೆರೆದು, ನಾವು ನೋಡುವಷ್ಟರಲ್ಲಿ ಮುಚ್ಚಿದ ಹಾಗಿತ್ತು. ಮನ್ಸೂರರು ಆ ಕಿಟಕಿಯನ್ನು ಎಷ್ಟು ಸಲ, ಎಷ್ಟೆಷ್ಟು ಹೊತ್ತು ತೆರೆಯುತ್ತಾರೆ ಅನ್ನುವುದನ್ನೇ ಕಾಯುತ್ತಾ ಕೂತೆ. ಆವರ್ತನೆಗಳು ಉರುಳಿದ್ದು ಗೊತ್ತಾಗಲಿಲ್ಲ. ತಾನಿನ ನಡುವೆ ಟೇಪು ಪಟ್ಟನೆ ನಿಂತಾಗ, ನನ್ನ ಉಸಿರೇ ಅರ್ಧಕ್ಕೆ ನಿಂತಂತಾಯಿತು. ಒಣಗಿದ್ದೆಂದು ದೂರಿದ್ದ ಆ ದನಿ ಈಗ ಬೇಕಾಗಿತ್ತು, ಅದೇ ದನಿ ಬೇಕಾಗಿತ್ತು. ಅಲಂಕಾರವಿಲ್ಲದ ಕಂಠವಾದ್ದರಿಂದಲೇ ಸ್ವರದ ಅಂಚುಗಳು ಅಷ್ಟು ಸ್ಪಷ್ಟ ಅನ್ನುವುದು ತಡವಾಗಿ ಹೊಳೆಯಿತು.

ಆಮೇಲೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಕಲಿತು, ಹೆಸರು ಮಾಡಿ, ಆಗಲೇ ಧ್ವನಿಮುದ್ರಿಕೆಗಳನ್ನು ಕೊಟ್ಟಿದ್ದ ಯುವಕ ಜೈಪುರ-ಅತ್ರೌಲಿ ಘರಾಣೆಯ ಮಂಜೀ ಖಾನರ ಗಾಯನಕ್ಕೆ ಮನಸೋತು ಮತ್ತೆ ಶಿಷ್ಯನಾಗಿ ಕೂತರು. 1937ರಲ್ಲಿ ಮಂಜೀ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜೀ ಖಾನರಲ್ಲಿ ಕಲಿಕೆ ಮುಂದುವರಿಸಿದರು. ಬಂದ ಹೆಸರನ್ನು ಪಕ್ಕಕ್ಕಿಟ್ಟು ಅ ಆ ಇ ಈ ಇಂದ ಮತ್ತೆ ಶುರುಮಾಡುವ ಮನಸ್ಸು ಎಲ್ಲರಿಗೂ ಬರುವಂಥದ್ದಲ್ಲ. ದೊಡ್ಡ ಮನ್ನಣೆಗಳು ಬಂದದ್ದೂ ತಡವಾಗಿಯೇ: ಪದ್ಮಶ್ರೀ 1970ರಲ್ಲಿ, ಸುಮಾರು 60ರ ವಯಸ್ಸಿಗೆ. ಪದ್ಮವಿಭೂಷಣ 1992ರಲ್ಲಿ, ತೀರಿಕೊಂಡ ವರ್ಷ. ಅವರು ವಚನ ಹಾಡಿದ್ದನ್ನೂ ಆಗಲೇ ಹುಡುಕಿ ಕೇಳಿದೆ. ಹಿಂದುಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖಯಾಲಿನಲ್ಲಿ ಅಷ್ಟು ಜಟಿಲವಾಗಿ ಹೆಣೆಯುವವರು ವಚನದಲ್ಲಿ ಮಾತಿಗೆ ಪೂರ್ತಿ ಬಿಟ್ಟುಕೊಡುತ್ತಾರೆ.

ಗುರುಶಿಷ್ಯರ ಈ ಕವಲುಗಳನ್ನು ನಾನು ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದೇನೆ. ಜೈಪುರ-ಅತ್ರೌಲಿಯ ಅಲ್ಲಾದಿಯಾ ಖಾನರಿಂದ ಕೇಸರಬಾಯಿ ಕೇರಕರ್, ಮೋಗೂಬಾಯಿ ಕುರ್ಡೀಕರ್. ಮೋಗೂಬಾಯಿಯವರಿಂದ ಮಗಳು ಕಿಶೋರಿ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ, ಭೂರ್ಜೀ ಅವರಿಂದ ಮನ್ಸೂರರು. ಇನ್ನೊಂದು ಕಡೆ ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ, ಫಿರೋಜ್ ದಸ್ತೂರ್. ಇದು ನೆನಪಿಗಿಂತ ಕಿವಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನ್ಸೂರರನ್ನೂ ಕಿಶೋರಿಯವರನ್ನೂ ಒಂದೇ ವಾರದಲ್ಲಿ ಕೇಳಿದರೆ, ಎಷ್ಟೇ ಬೇರೆಯಾಗಿದ್ದರೂ ಒಂದೇ ಮನೆಯವರ ಮುಖದಲ್ಲಿರುವ ಹೋಲಿಕೆಯೊಂದು ಕಾಣಿಸುತ್ತದೆ.

ಗಂಗೂಬಾಯಿಯವರ ದನಿಯನ್ನು ಮೊದಲು ಕೇಳಿದವರು ಹಾಡುತ್ತಿರುವುದು ಗಂಡಸು ಅಂದುಕೊಳ್ಳುವುದುಂಟು. ಎಳೆಯ ಕಾಲದ ಮುದ್ರಿಕೆಗಳಲ್ಲಿ ಅವರ ಕಂಠ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ಅದು ಕೆಳಗಿಳಿದು ದಪ್ಪವಾಯಿತು. ಇನ್ನೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೋ ಏನೋ. ಅವರು ಆ ಹೊಸ ಕಂಠಕ್ಕೆ ತಕ್ಕ ಗಾಯನವನ್ನೇ ಕಟ್ಟಿಕೊಂಡರು. ಅವರ ಭೈರವ ಕೇಳುವಾಗ ಸ್ವರವೊಂದನ್ನು ನೆಲಕ್ಕೆ ಊರಿ ನಿಲ್ಲಿಸುವ ಬಗೆ ಕಾಣುತ್ತದೆ, ಅಲ್ಲಾಡಿಸಲು ಆಗುವುದಿಲ್ಲ. ಹಿಂದೆ ಮಗಳು ಕೃಷ್ಣಾ ಅವರ ದನಿ. ತಾಯಿ ಬಿಟ್ಟ ಜಾಗವನ್ನು ಮಗಳು ತುಂಬಿ, ಮಗಳು ಮೇಲಕ್ಕೆ ಹೋದಾಗ ತಾಯಿ ಕೆಳಗಿನಿಂದ ಆತುಕೊಳ್ಳುವುದನ್ನು ನಾನು ಎಷ್ಟು ಸಲ ಕೇಳಿದರೂ ಸಾಲದು.

ಕುಮಾರ ಗಂಧರ್ವರದು ಇನ್ನೊಂದು ಬಗೆ. 1947ರ ಹೊತ್ತಿಗೆ ಕ್ಷಯ. ಆಗಷ್ಟೇ ಬಳಕೆಗೆ ಬರುತ್ತಿದ್ದ ಸ್ಟ್ರೆಪ್ಟೋಮೈಸಿನ್ ಅವರನ್ನು ಉಳಿಸಿತು, ಆದರೆ ಒಂದು ಶ್ವಾಸಕೋಶ ಉಪಯೋಗಕ್ಕಿಲ್ಲದಂತಾಯಿತು. ಐದಾರು ವರ್ಷ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಮಧ್ಯಪ್ರದೇಶದ ದೇವಾಸದ ಸುತ್ತಲಿನ ಮಾಳ್ವದ ಜನಪದ ಹಾಡುಗಳನ್ನು ಕೇಳಿಸಿಕೊಂಡರು. ಅದು ಮುಂದೆ ಅವರ ಗಾಯನದ ಒಳಗೇ ಇಳಿಯಿತು. ಅವರ ಹಾಡಿಕೆಯಲ್ಲಿ ಉದ್ದನೆಯ ಉಸಿರಿನ ಓಟವಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛ, ಥಟ್ಟನೆ ಹಾರಿ ತಾರಷಡ್ಜದ ಮೇಲೆ ಒಂದು ಕೂಗು, ಆಮೇಲೆ ಮೌನ. ಆ ಮೌನದಲ್ಲಿ ತಂಬೂರಿ ಮಾತ್ರ. ಮನ್ಸೂರರಲ್ಲಿ ಉಸಿರು ಎಲ್ಲಿದೆ ಎಂದು ಹುಡುಕಬೇಕು, ಕುಮಾರರಲ್ಲಿ ಉಸಿರೇ ಹಾಡಿನ ಭಾಗ. ಕೇಳುಗನಾಗಿ ಮೌನಕ್ಕೂ ಕಿವಿಗೊಡಲು ಕಲಿತದ್ದು ಇವರಿಂದ.

ನನ್ನ ಕ್ರಮ ಈಗ ಹೀಗಿದೆ. ಒಲಿಯದ ಮುದ್ರಣವೊಂದನ್ನು ಆರಿಸಿಕೊಂಡು ಒಂದು ಮಂಡಲ, ಅಂದರೆ 48 ದಿನ, ದಿನಕ್ಕೆ ಒಂದೇ ಸಲ ಕೇಳುತ್ತೇನೆ. ಬೇರೆ ಕೆಲಸ ಮಾಡುತ್ತಾ ಕೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ಇವತ್ತು ಹೊಸದಾಗಿ ಏನು ಕೇಳಿಸಿತು, ಎಷ್ಟನೆಯ ನಿಮಿಷದಲ್ಲಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆಯುವಂತಿಲ್ಲ. ಏನೂ ಹೊಸದು ಕೇಳಿಸದ ದಿನ ತಾರೀಕು ಮಾತ್ರ ಬರೆದು ಮುಚ್ಚುತ್ತೇನೆ. ಅಂಥ ದಿನಗಳು ನಡುವೆ ಒಂದು ವಾರವೂ ಬರುತ್ತವೆ. ಬಿಟ್ಟುಬಿಡಬೇಕು ಅನಿಸುವುದೂ ಆಗಲೇ. ನನ್ನ ಮಟ್ಟಿಗೆ ಆ ವಾರದ ಆಚೆಗೇ ಹೆಚ್ಚಿನವು ತೆರೆದುಕೊಂಡಿವೆ. ಮಂಡಲ ಮುಗಿದರೂ ಒಲಿಯದವು ಇಲ್ಲವೆಂದಲ್ಲ, ಅವನ್ನು ಎತ್ತಿಟ್ಟು ಕೆಲವು ವರ್ಷ ಬಿಟ್ಟು ಮತ್ತೆ ತೆಗೆಯುತ್ತೇನೆ.

ಈಗ ನಡೆಯುತ್ತಿರುವುದು ಕೇಸರಬಾಯಿಯವರ ಭೈರವಿ, ‘ಜಾತ್ ಕಹಾಂ ಹೋ’. ಮೂರೂವರೆ ನಿಮಿಷ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳೆರಡರಲ್ಲೂ ಚಿನ್ನದ ಲೇಪನದ ತಟ್ಟೆಯೊಳಗೆ ಇಟ್ಟು ಕಳಿಸಿದ ಹಾಡು ಇದು. ಎರಡನೆಯದಾಗಿ ಹಾರಿದ ನೌಕೆ, ವಾಯೇಜರ್ 1, ಹೊರಟದ್ದು ಸೆಪ್ಟೆಂಬರ್ 5ಕ್ಕೆ, ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ಕ್ಕೆ. ಹಳೆಯ ಮುದ್ರಣ, ಮೇಲೆ ಸೂಜಿಯ ಗೀರುಶಬ್ದ. ತಂಬೂರಿ ಅದರೊಳಗೆ ಹುದುಗಿಹೋಗಿದೆ. ಮೊದಲ 10 ದಿನ ದನಿಯ ಗಟ್ಟಿತನವೊಂದು ಬಿಟ್ಟರೆ ನನಗೆ ಏನೂ ಸಿಗಲಿಲ್ಲ. ದೊಡ್ಡ ಗಾಯನವೊಂದನ್ನು ಚಿಕ್ಕ ಡಬ್ಬಿಗೆ ತುರುಕಿದಂತೆ ಅನಿಸುತ್ತಿತ್ತು. ಮಾವ ಈಗಿಲ್ಲ, ಇದ್ದಿದ್ದರೆ ತಬಲಾ ಎಣಿಸು ಅನ್ನುತ್ತಿದ್ದರು. ಹಾಗೇ ಎಣಿಸಲು ಶುರುಮಾಡಿದೆ.

ನಿನ್ನೆಗೆ 23 ದಿನ. ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಇಷ್ಟು: ‘ಎರಡನೆಯ ನಿಮಿಷದ ನಂತರ, ತಾನ್ ಇಳಿದು ಬರುವಾಗ, ಕೋಮಲ ರಿಷಭದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತಾರೆ.’ ಅದು ನಿಜವಾಗಿ ನಿಲುಗಡೆಯೋ, ಗೀರುಶಬ್ದದ ನಡುವೆ ನನಗೆ ಹಾಗೆ ಕೇಳಿಸಿದ್ದೋ ಗೊತ್ತಾಗಿಲ್ಲ. ಸಂಜೆ ಮತ್ತೆ ಹಚ್ಚಬೇಕು.